ಕರಿ ಬಿದಿರಿನ ಹಸಿರು ಗಳ

ಬಿದಿರು ಬೇಕು ಅನ್ನುವ ಹುಳ ಅತ್ತೆಯ ತಲೆ ಹೊಕ್ಕಿದ್ದು ಹಲ್ಲಿನ ಡಾಕ್ಟರ ಹತ್ತಿರ. ಅಲ್ಲಿನ ಕಿಟಕಿಯಾಚೆ ಕರಿ ಬಿದಿರಿನ ಮೆಳೆಯೊಂದಿತ್ತಂತೆ. ಹಲ್ಲು ಕೀಳುವಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದರಂತೆ, ನೋವೇ ಗೊತ್ತಾಗಲಿಲ್ಲವಂತೆ. ದವಡೆ ಮರಗಟ್ಟಿಸಿದ್ದು ಇಂಜೆಕ್ಷನ್ನು, ಹೆಸರು ಬಂದದ್ದು ಬಿದಿರಿಗೆ.

ನಮ್ಮ ಹಿತ್ತಲಿಗೆ ಒಂದು ಮರೆ ಬೇಕಾಗಿದ್ದುದೇನೋ ನಿಜ. ಪಕ್ಕದ ಮನೆಯವರು ಮೇಲೊಂದು ಅಂತಸ್ತು ಎಬ್ಬಿಸಿ, ಅದರ ಕಿಟಕಿಯನ್ನು ಸರಿಯಾಗಿ ನಮ್ಮ ಬಟ್ಟೆ ಒಣಗಿಸುವ ತಂತಿಯ ಮೇಲೆ ತೆರೆದಿದ್ದರು. ಆ ಮನೆಯ ಹೆಂಗಸು ಅಲ್ಲಿ ನಿಂತು, ನಾವು ಅಂಗಿಗಳನ್ನು ಹೇಗೆ ಒಣಹಾಕಬೇಕೆಂದು ದಿನವೂ ಬುದ್ಧಿ ಹೇಳುತ್ತಿದ್ದಳು. ಅತ್ತೆಗೆ ಬುದ್ಧಿ ಹೇಳಿಸಿಕೊಳ್ಳುವ ಅಭ್ಯಾಸವಿಲ್ಲ, ಹೇಳಿಯಷ್ಟೇ ಅಭ್ಯಾಸ. ಹಾಗಾಗಿ ಬಿದಿರು ಬರಲೇಬೇಕಾಯಿತು. ಅದು ಕರಿಯದಾಗಿರಬೇಕು, ಕಿಟಕಿಯನ್ನು ಮುಚ್ಚುವಷ್ಟು ಎತ್ತರ ಏಳಬೇಕು, ನೆಲದಡಿಯಲ್ಲಿ ಓಡಿ ಇನ್ನೊಬ್ಬರ ಮನೆಯಲ್ಲಿ ತಲೆ ಎತ್ತಬಾರದು. ಕೊನೆಯದನ್ನು ಹಲ್ಲಿನ ಡಾಕ್ಟರೇ ಎಚ್ಚರಿಸಿದ್ದರಂತೆ.

"ಬೆಳಗಾದರೆ ಬಣ್ಣ ಬಣ್ಣ ಅಂತ ಬಡ್ಕೊಳ್ತೀರಲ್ಲ ಇಬ್ಬರೂ, ನೀವೇ ಹೋಗಿ ಆರಿಸ್ಕೊಂಡು ಬನ್ನಿ," ಎಂದು ಅತ್ತೆ ಆ ಭಾನುವಾರ ನನ್ನನ್ನೂ ಮಾವನನ್ನೂ ಹೊರಡಿಸಿದರು. ನನ್ನ ಗಂಡ ದೂರದೂರಿನ ಬಸ್ಸು ಓಡಿಸುವವನು. ಇಂಥ ಕೆಲಸದ ದಿನ ಅವನು ಊರಲ್ಲಿ ಇರುವುದಿಲ್ಲ, ಅದೊಂದು ಅವನಿಗೆ ಚೆನ್ನಾಗಿ ಸಿದ್ಧಿಸಿದೆ.

ಅತ್ತೆ ಹೇಳಿದ್ದು ಸುಳ್ಳಲ್ಲ. ನಾನೂ ಮಾವನೂ ಕೆಲಸ ಮಾಡುವುದು ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ. ಗಿರಾಕಿ ಒಂದು ತುಂಡು ಬಟ್ಟೆ ಕಳಿಸಿ, ಇದೇ ಬಣ್ಣ ಬೇಕು ಅನ್ನುತ್ತಾನೆ. ಅದಕ್ಕೆ ಯಾವ ಪುಡಿ ಎಷ್ಟು ಬೀಳಬೇಕೆಂದು ಲೆಕ್ಕ ಹಾಕಿ, ಲ್ಯಾಬಿನ ಸಣ್ಣ ಡಬ್ಬಿಯಲ್ಲಿ ಬೇಯಿಸಿ ನೋಡಿ, ದೊಡ್ಡ ಯಂತ್ರಕ್ಕೆ ಕಳಿಸುವುದು ನನ್ನ ಕೆಲಸ. ಲೆಕ್ಕ ಸರಿಯಿದ್ದರೂ ದೊಡ್ಡ ಯಂತ್ರದಲ್ಲಿ ಬಣ್ಣ ಒಂದಿಷ್ಟು ಆಚೀಚೆಯಾಗುವುದು ಇದ್ದದ್ದೇ, ಅಲ್ಲೇ ಹಿಡಿದರೆ ತಿದ್ದಬಹುದು. ಬಣ್ಣ ಕುಡಿದು ಬಂದ ಬಟ್ಟೆಯನ್ನು ಗಿರಾಕಿಯ ತುಂಡಿನ ಪಕ್ಕ ಇಟ್ಟು, ಹೌದು ಅಥವಾ ಅಲ್ಲ ಅನ್ನುವುದು ಮಾವನ ಕೆಲಸ. ಅಳೆಯುವ ಯಂತ್ರವೂ ಒಂದಿದೆ, ಅಂಕಿ ಹೇಳುತ್ತದೆ. ಅಂಕಿಗೂ ಕಣ್ಣಿಗೂ ಜಗಳ ಬಂದರೆ ನಮ್ಮಲ್ಲಿ ಗೆಲ್ಲುವುದು ಮಾವನ ಕಣ್ಣು. ಗಿರಣಿಯಲ್ಲಿ ಅವರಿಗೆ ಕಣ್ಣು ಮೇಷ್ಟ್ರು ಅಂತಲೇ ಹೆಸರು. ನಾನು ಸೊಸೆಯಾಗುವ ಮೊದಲೇ ಅವರ ಕೈಕೆಳಗೆ ಕೆಲಸಕ್ಕೆ ಸೇರಿದವಳು. ಅವರ ಮಗ ನನ್ನನ್ನು ಒಪ್ಪಿದ್ದು ಆಮೇಲೆ, ನನ್ನ ಕಣ್ಣನ್ನು ಅವರು ಒಪ್ಪಿದ್ದು ಮೊದಲು.

ಈಚಿನ ಒಂದೆರಡು ವರ್ಷಗಳಿಂದ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಹಗಲಿನಂಥ ದೀಪ ಉರಿಯುವ ಬೆಳಕಿನ ಪೆಟ್ಟಿಗೆಯೊಳಗೆ ಎರಡೂ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಇಡುತ್ತಿದ್ದರು. ಕೈ ಕಟ್ಟಿಕೊಂಡು ಹಿಂದೆ ಸರಿದು, "ನೀನೇನಂತೀಯ?" ಎಂದು ನನ್ನನ್ನು ಕೇಳುತ್ತಿದ್ದರು. ಸ್ವಲ್ಪ ಕೆಂಪು ಹೊಡೆಯುತ್ತಿದೆ ಅಂತಲೋ, ನೀಲಿ ಸಾಲದು ಅಂತಲೋ ನಾನು ಹೇಳುತ್ತಿದ್ದೆ. ಅವರು ಇನ್ನೊಂದಿಷ್ಟು ಹೊತ್ತು ನೋಡಿ, ಹ್ಞೂ ಅಂದು ಸಹಿ ಹಾಕುತ್ತಿದ್ದರು. ಮಾವ ನನ್ನನ್ನು ತಮ್ಮ ಜಾಗಕ್ಕೆ ತಯಾರು ಮಾಡುತ್ತಿದ್ದಾರೆ ಎಂದು ನಾನು ಗಂಡನ ಮುಂದೆ ಕೊಚ್ಚಿಕೊಂಡಿದ್ದೂ ಉಂಟು. ಅವನು ಆಕಳಿಸಿದ್ದ.

ಆಮೇಲೆ ಆ ಬೂದು ಬಟ್ಟೆಯ ಗಲಾಟೆ ಬಂತು. ದೊಡ್ಡ ಗಿರಾಕಿಗೆ ಹೋಗಿದ್ದ ಲಾಟು, ಬೂದು ಬಣ್ಣ ಕೆಂಪು ಹೊಡೆಯುತ್ತಿದೆ ಎಂದು ಲಾರಿಯ ಸಮೇತ ವಾಪಸ್ಸಾಯಿತು. ಅದು ಯಂತ್ರದಿಂದ ಇಳಿದ ದಿನ ನಾನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಅಳೆಯುವ ಯಂತ್ರ ಅರೆಮನಸ್ಸಿನ ಅಂಕಿ ಕೊಟ್ಟಿತ್ತಂತೆ, ಮಾವ ನೋಡಿ ಸರಿಯಿದೆ ಅಂದಿದ್ದರಂತೆ. ಮ್ಯಾನೇಜರರ ತರ್ಕ ನೇರವಾಗಿತ್ತು. ಕಣ್ಣು ಮೇಷ್ಟ್ರು ನೋಡಿದಾಗ ಸರಿಯಿತ್ತು ಅಂದಮೇಲೆ ಬಟ್ಟೆ ಆಮೇಲೆ ಕೆಂಪಾಗಿರಬೇಕು. ಆಮೇಲೆ ಕೆಂಪಾಗಿದೆ ಅಂದರೆ ಹಾಕಿದ ಪುಡಿಯೇ ಸರಿಯಿಲ್ಲ. ಪುಡಿ ಆರಿಸಿದವಳು ನಾನು. ಸೋಮವಾರ ತೀರ್ಮಾನ ಮಾಡುತ್ತೇವೆ ಎಂದಿದ್ದರು, ಆದರೆ ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿತ್ತು. ನನ್ನನ್ನು ಲ್ಯಾಬಿನಿಂದ ತೆಗೆದು ಬಟ್ಟೆ ಮಡಿಚುವ ವಿಭಾಗಕ್ಕೆ ಹಾಕುವುದು. ಮಡಿಚುವುದು ಕೆಟ್ಟ ಕೆಲಸ ಅಂತಲ್ಲ. ಆದರೆ ನನಗೆ ಇಷ್ಟವಾದದ್ದು ಬಣ್ಣದ ಕೆಲಸ. ಮ್ಯಾನೇಜರರು ಇದನ್ನೆಲ್ಲ ಹೇಳುವಾಗ ಮಾವ ಮೇಜನ್ನು ನೋಡುತ್ತ ಕೂತಿದ್ದರು. ಮನೆಯಲ್ಲಿ ಸೊಸೆ, ಗಿರಣಿಯಲ್ಲಿ ಸೊಸೆಯಲ್ಲ ಅನ್ನುವುದು ಅವರ ನಿಯಮ. ಅವರ ಮೌನವನ್ನು ನಾನು ನ್ಯಾಯವೆಂದೇ ತಿಳಿದಿದ್ದೆ.

ನರ್ಸರಿ ಊರಾಚೆ, ಹಳೆಯ ಗೋದಾಮೊಂದರ ಹಿಂದೆ. ಅದರ ಯಜಮಾನಿ ದೊಡ್ಡ ಟೋಪಿ ಹಾಕಿಕೊಂಡು, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡ ಹೆಂಗಸು. ಬಾಯಿಗೆ ಬಿಡುವಿಲ್ಲ. ಬಿದಿರು ಅಂದದ್ದೇ ತಡ, ನಮ್ಮನ್ನು ಹಸಿರು ಬಲೆಯ ನೆರಳಿನಡಿಗೆ ಎಳೆದುಕೊಂಡು ಹೋಗಿ ಸಂತಾನವನ್ನೆಲ್ಲ ಪರಿಚಯಿಸಿದಳು. ಹಳದಿ ಗಳದ ಮೇಲೆ ಕುಂಚದಲ್ಲಿ ಎಳೆದಂತೆ ಹಸಿರು ಗೀಟುಗಳಿರುವುದು ಒಂದು. ಗಿಣ್ಣು ಗಿಣ್ಣಿನ ನಡುವೆ ಹೊಟ್ಟೆ ಬಂದಿರುವುದು ಒಂದು, ಅದನ್ನು ತೋರಿಸುವಾಗ ಅವಳು ತನ್ನ ಹೊಟ್ಟೆಯನ್ನೂ ತಟ್ಟಿಕೊಂಡಳು. ಬೇಲಿಗೆ ಹೇಳಿ ಮಾಡಿಸಿದ, ಸಣ್ಣೆಲೆಯ ತೆಳು ಜಾತಿ ಒಂದು. ಬಿಸಿಲು ಬಿದ್ದಷ್ಟೂ ಗಳ ಇಟ್ಟಿಗೆ ಕೆಂಪಿಗೆ ತಿರುಗುವುದು ಒಂದು. ಓಡುವ ಜಾತಿಗಳನ್ನೆಲ್ಲ ಅವಳು ಸಿಮೆಂಟಿನ ತೊಟ್ಟಿಗಳಲ್ಲಿ ಕೂಡಿಹಾಕಿದ್ದಳು. ಅವುಗಳ ಕಡೆ ತಿರುಗಿಯೂ ನೋಡಬೇಡಿ, ಮನೆ ಬಿಟ್ಟು ಓಡಿಹೋಗಬೇಕಾದವರು ನೀವಾಗುತ್ತೀರಿ ಅಂದಳು.

ಮಾವ ಗಳಗಳನ್ನು ಬೆರಳಿನಿಂದ ಬಡಿದು ನೋಡಿದರು. ಗಿಣ್ಣಿನ ಸುತ್ತ ಉಗುರು ಆಡಿಸಿದರು. ಇದು ದಪ್ಪ, ಇದು ಸಪೂರ, ಇದು ಗಾಳಿಗೆ ಬಾಗುತ್ತೆ ಅಂದರು. ಅಷ್ಟು ಹೊತ್ತಿನಲ್ಲಿ ಅವರು ಒಂದು ಬಣ್ಣದ ಮಾತೂ ಆಡಲಿಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ನನ್ನ ಮದುವೆಯ ಫೋಟೋ ನೋಡಿ ಎಲ್ಲರೂ ಹುಡುಗಿ ಚೆನ್ನಾಗಿದ್ದಾಳೆ ಅನ್ನುತ್ತಿದ್ದಾಗ, ಫೋಟೋಗೆ ಹಸಿರು ಹೊಡೆದಿದೆ ಅಂದ ಮನುಷ್ಯ ಇವರು.

ಕರಿ ಬಿದಿರು ಕೊನೆಯ ಸಾಲಿನಲ್ಲಿತ್ತು. ದೊಡ್ಡ ಕುಂಡ, ನಡುವೆ ಪಾಲಿಶ್ ಹಾಕಿದ ಬೂಟಿನಂಥ ಕರಿ ಗಳಗಳು, ಸುತ್ತಲೂ ಹೊಸದಾಗಿ ಎದ್ದ ಹಸಿರು ಗಳಗಳು. ಬಲೆಯ ನೆರಳಿಗೆ ಕಡುವಾಗಿದ್ದರೂ ನನ್ನ ಕಣ್ಣಿಗೆ ರಾಚುವ ಹಸಿರು. ಮಾವ ಕುಂಡದ ಸುತ್ತ ಒಂದು ಬಾರಿ ತಿರುಗಿ ಬಂದರು.

"ಒಂದೇ ಸಮ ಬಣ್ಣ. ಎಲ್ಲೂ ಹೆಚ್ಚುಕಮ್ಮಿ ಇಲ್ಲ," ಅಂದರು. "ಇದೇ ಇರಲಿ."

ನರ್ಸರಿಯಾಕೆ ಜೋರಾಗಿ ನಕ್ಕಳು. ಅವಳಿಗೆ ಅದು ತಮಾಷೆಯಾಗಿ ಕೇಳಿಸಿತ್ತು. ಎಲ್ಲರೂ ಬಂದು, ಕರಿ ಬಿದಿರು ಅಂತ ಹೇಳಿ ಹಸಿರು ಸೇರಿಸಿ ಕೊಡ್ತೀಯ ಅಂತ ತನ್ನ ಜೊತೆ ಜಗಳ ಆಡುತ್ತಾರೆ ಎಂದಳು. ಹುಟ್ಟುವಾಗ ಎಲ್ಲ ಹಸಿರೇ, ವರ್ಷ ಕಳೆದ ಮೇಲೆ ಕಪ್ಪಾಗುವುದು ಎಂದು ವಿವರಿಸಿದಳು. ಒಬ್ಬರಂತೂ ಜಾತಿ ಕೆಟ್ಟಿದೆ ಅಂತ ಹಸಿರನ್ನೆಲ್ಲ ಕತ್ತರಿಸಿ, ಕೊನೆಗೆ ಬರೀ ಕುಂಡ ಉಳಿಸಿಕೊಂಡರಂತೆ. ಮಾವನೂ ಅವಳ ಜೊತೆ ನಕ್ಕರು. ಗೊತ್ತು, ತಮಾಷೆಗೆ ಅಂದೆ ಅಂದರು.

ಮಾವ ಬಣ್ಣದ ವಿಷಯದಲ್ಲಿ ತಮಾಷೆ ಮಾಡುವವರಲ್ಲ. ಊಟದ ವಿಷಯದಲ್ಲಿ ಮಾಡುತ್ತಾರೆ, ಅತ್ತೆಯ ವಿಷಯದಲ್ಲಿ ಅತ್ತೆ ಇಲ್ಲದಾಗ ಮಾಡುತ್ತಾರೆ. ನನಗೆ ಆ ನಗು ಎಲ್ಲೋ ಹೊಲಿಗೆ ಬಿಟ್ಟ ಹಾಗೆ ಕೇಳಿಸಿತು. ನರ್ಸರಿಯಾಕೆ ಗೊಬ್ಬರದ ಚೀಲ ಹುಡುಕಲು ಅತ್ತ ತಿರುಗಿದಾಗ ನಾನು ಇಟ್ಟಿಗೆ ಕೆಂಪಿನ ಬಿದಿರಿನ ಹತ್ತಿರ ಹೋಗಿ, ಅದರ ಗಳ ಹಿಡಿದು ಕೇಳಿದೆ.

"ಮಾವ, ಈ ಹಸಿರು ಹೇಗಿದೆ?"

ಅವರು ಹತ್ತಿರ ಬಂದು ಬಗ್ಗಿ ನೋಡಿದರು. ಗಿರಣಿಯಲ್ಲಿ ನೋಡುವ ಹಾಗೆಯೇ, ಒಂದು ಕಣ್ಣು ಕಿರಿದು ಮಾಡಿ.

"ಹಸಿರು ಚೆನ್ನಾಗಿದೆ. ಒಂಚೂರು ಹಳದಿ ಹೊಡೆಯುತ್ತೆ, ಅಷ್ಟೆ."

 ನಾನು ಕೈಯನ್ನು ಗಳದಿಂದ ತೆಗೆಯಲಿಲ್ಲ. ಚೀಲ ಹಿಡಿದು ಬಂದ ನರ್ಸರಿಯಾಕೆ, ಕೆಂಪು ಇಷ್ಟ ಆಯ್ತಾ ನಿಮಗೆ, ಅದನ್ನೂ ಕೊಡಲಾ ಎಂದು ಕೇಳಿದಳು. ಮಾವನ ಮುಖ ಬಿಳಿಚಿಕೊಂಡಿತು. ಬೇಡ, ಕರಿಯದೊಂದೇ ಸಾಕು ಅಂದೆ ನಾನು.

ಕುಂಡವನ್ನು ಗಾಡಿಗೆ ಏರಿಸುವಾಗ ನಾವಿಬ್ಬರೂ ಬಲೆಯಡಿಯ ಸಿಮೆಂಟು ಬೆಂಚಿನ ಮೇಲೆ ಕೂತೆವು.  ಮಾತು ಅವರೇ ಶುರು ಮಾಡಿದರು. ಕಣ್ಣಿನ ಹಿಂದಿನ ನರ ಸೊರಗಿದೆಯಂತೆ. ಓದಲಿಕ್ಕೆ, ನಡೆಯಲಿಕ್ಕೆ ಏನೂ ತೊಂದರೆಯಿಲ್ಲ, ಗುರುತು ಪರಿಚಯಕ್ಕೂ ತೊಂದರೆಯಿಲ್ಲ. ಬಣ್ಣ ಮಾತ್ರ ಇಳಿಯುತ್ತ ಹೋಗಿದೆ, ಮೊದಲು ಕೆಂಪು, ಅದರ ಹಿಂದೆ ಹಸಿರು. ಮೂರು ಜನ ಡಾಕ್ಟರರು ನೋಡಿದ್ದಾರೆ, ಮೂವರೂ ಇದು ವಾಪಸ್ಸು ಬರುವಂಥದ್ದಲ್ಲ ಅಂದಿದ್ದಾರೆ. ಅತ್ತೆಗೂ ಹೇಳಿಲ್ಲ. ಬೆಳಿಗ್ಗೆ ಅಂಗಿ ಆರಿಸುವಾಗ ಅತ್ತೆ ಎತ್ತಿಕೊಟ್ಟದ್ದನ್ನೇ ಹಾಕಿಕೊಳ್ಳುತ್ತಿದ್ದೇನೆ ಅಂದರು. ಗಂಡ ಈ ವಯಸ್ಸಿನಲ್ಲಾದರೂ ಮಾತು ಕೇಳುತ್ತಾರಲ್ಲ ಎಂದು ಅತ್ತೆ ಬೀಗುತ್ತಿದ್ದುದು ನನಗೆ ನೆನಪಾಯಿತು.

ನಾನು ಆಗ ಬೆಳಕಿನ ಪೆಟ್ಟಿಗೆಯ ಮುಂದಿನ ಎರಡು ವರ್ಷಗಳನ್ನು ಹಿಂದಕ್ಕೆ ಬಿಚ್ಚಿಕೊಂಡು ಹೋದೆ. ಅವರು ನನಗೆ ಏನೂ ಕಲಿಸುತ್ತಿರಲಿಲ್ಲ. ನಾನು ಹೇಳಿದ ಮೇಲೆ ಅವರು ಇನ್ನೊಂದಿಷ್ಟು ಹೊತ್ತು ನೋಡುತ್ತಿದ್ದರಲ್ಲ, ಅಲ್ಲಿ ನೋಡಲಿಕ್ಕೆ ಅವರಿಗೆ ಏನೂ ಇರಲಿಲ್ಲ. ನನಗೆ ಜ್ವರ ಬಂದ ದಿನ ಗಿರಣಿಗೆ ಕಣ್ಣೇ ಇರಲಿಲ್ಲ.

"ನನ್ನ ಮೇಲೆ ಬಂದಾಗ ಸುಮ್ಮನೆ ಕೂತಿದ್ರಲ್ಲ ಮಾವ," ಅಂದೆ.

ಅವರು ಮೊಣಕಾಲಿನ ಮೇಲಿನ ಮಣ್ಣು ಕೊಡವಿದರು. "ನಿನಗಿನ್ನೂ ವಯಸ್ಸಿದೆ, ಎಲ್ಲಾದ್ರೂ ಗಟ್ಟಿ ನಿಂತ್ಕೊಳ್ತೀಯ ಅಂದ್ಕೊಂಡೆ. ನನಗೆ ಆ ಕಣ್ಣು ಬಿಟ್ರೆ ಇನ್ನೇನಮ್ಮ ಇದೆ?"

"ಆ ಕಣ್ಣೂ ನಂದೇ ಆಗಿತ್ತಲ್ಲ."

ಹೇಳಿದ ಮೇಲೆ ಜಾಸ್ತಿಯಾಯಿತು ಅನ್ನಿಸಿತು, ಆದರೆ ವಾಪಸ್ಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅಷ್ಟು ಸಿಟ್ಟು ಮ್ಯಾನೇಜರರ ಮೇಲೂ ಬಂದಿರಲಿಲ್ಲ. ನನ್ನ ಲೆಕ್ಕವನ್ನೇ ನಂಬದೆ, ಇದ್ದ ಪುಡಿಯನ್ನೆಲ್ಲ ಮತ್ತೆ ಮತ್ತೆ ತೂಗಿ ನೋಡಿದ್ದೆ. ನನ್ನ ಕಣ್ಣಿಗೇ ಏನೋ ಆಗಿದೆ ಎಂದು ಹೆದರಿಕೊಂಡಿದ್ದೆ. ಅದನ್ನೆಲ್ಲ ಎದುರು ಕೂತು ನೋಡುತ್ತಿದ್ದವರು ಇವರು. ಗಾಡಿಯವನು ಹಾರ್ನ್ ಹೊಡೆದ. ನಾವು ಎದ್ದೆವು.

ದಾರಿಯುದ್ದಕ್ಕೂ ಬಿದಿರಿನೆಲೆಗಳು ನಮ್ಮ ಕುತ್ತಿಗೆ ಕೆರೆಯುತ್ತಿದ್ದವು. ಮನೆಯಲ್ಲಿ ಅತ್ತೆ ಕುಂಡವನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು. ಕರಿಯದು ತನ್ನಿ ಅಂದರೆ ಹಸಿರು ಬೆರೆಸಿಕೊಂಡು ಬಂದಿದ್ದೀರಲ್ಲ, ಬಣ್ಣದ ಜನವಂತೆ ಬಣ್ಣದ ಜನ, ನಿಮಗೆ ಸಂಬಳ ಕೊಡುವವರನ್ನು ಅನ್ನಬೇಕು ಎಂದರು. ಅದು ಆಮೇಲೆ ಕಪ್ಪಾಗುತ್ತದೆ ಎಂದು ನಾನು ಸಮಜಾಯಿಷಿ ಕೊಟ್ಟೆ. ಮಾವ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡತೊಡಗಿದರು. ಬೇಕಾದ್ದಕ್ಕಿಂತ ಆಳ ತೋಡಿದರು. ಮೇಲಿನ ಕಿಟಕಿಯ ಹೆಂಗಸು ಗುಂಡಿ ಇನ್ನೂ ಅಗಲ ಬೇಕು ಎಂದು ಹೇಳಿದಳು. ಅದಕ್ಕೂ ಹ್ಞೂ ಅಂದು ಅಗಲ ಮಾಡಿದರು.

ಸೋಮವಾರ ಮ್ಯಾನೇಜರರ ಕೋಣೆಯಲ್ಲಿ ವಾಪಸ್ಸು ಬಂದ ಬೂದು ಬಟ್ಟೆಯ ಒಂದು ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟಿದ್ದರು. ಮ್ಯಾನೇಜರರು ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತರು. ತಪ್ಪು ಅವಳದಲ್ಲ, ಬಟ್ಟೆ ಅವತ್ತೇ ಕೆಂಪು ಹೊಡೆಯುತ್ತಿದ್ದಿರಬೇಕು, ನನಗೆ ಬಣ್ಣ ಕಾಣುವುದಿಲ್ಲ, ಬಹಳ ದಿನದಿಂದ ಕಾಣುವುದಿಲ್ಲ ಅಂದರು. ಹೀಗೆ ಬಿಡಿಬಿಡಿಯಾಗಿ, ಬೇರೆ ಯಾರದೋ ವಿಷಯದಂತೆ ಹೇಳಿದರು. ಅವರು ಬಾಯಿ ಬಿಡುತ್ತಾರೆಂದು ನಾನು ನಂಬಿರಲಿಲ್ಲ.

ಮ್ಯಾನೇಜರರೂ ನಂಬಲಿಲ್ಲ. ಅವರು ಮೊದಲು ಗಂಭೀರವಾಗಿ ಕೇಳಿಸಿಕೊಂಡರು, ಆಮೇಲೆ ಅವರ ಮುಖ ಮೆತ್ತಗಾಯಿತು. ಸೊಸೆಯ ಮೇಲೆ ನಿಮಗಿರುವ ಮಮತೆ ಅರ್ಥವಾಗುತ್ತದೆ ಮೇಷ್ಟ್ರೇ ಅಂದರು. ಇಂಥ ಮಾವ ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ನನ್ನ ಕಡೆಗೂ ನೋಡಿದರು. ಪಕ್ಕದಲ್ಲಿದ್ದ ಯಂತ್ರ ವಿಭಾಗದವರು ತಲೆ ಆಡಿಸಿದರು. ಇಷ್ಟು ವರ್ಷ ಈ ಗಿರಣಿಯನ್ನು ಹಿಡಿದು ನಿಲ್ಲಿಸಿದ ಕಣ್ಣು ಅದು, ಅದರ ಮೇಲೆ ನೀವೇ ಮಣ್ಣು ಹಾಕಿದರೆ ನಾವು ಒಪ್ಪುವುದಿಲ್ಲ ಅಂದರು. ಮಾವ ಮತ್ತೆ ಹೇಳಿದರು. ಹೇಳಿದಷ್ಟೂ ಅವರ ಬೆಲೆ ಏರಿತು, ನನ್ನದು ಇಳಿಯಿತು. ಮಾವನಿಂದ ಸುಳ್ಳು ಹೇಳಿಸುತ್ತಿರುವ ಸೊಸೆಯಾಗಿ ನಾನು ಅಲ್ಲಿ ಕೂತಿದ್ದೆ. ನಾಳೆಯಿಂದ ಮಡಿಚುವ ವಿಭಾಗಕ್ಕೆ ಬಾಮ್ಮ ಎಂದು ಮ್ಯಾನೇಜರರು ಕಡತ ಮುಚ್ಚಿದರು.

ಮಾವ ಹೊರಗೆ ನಡೆದರು. ಸಿಟ್ಟಿನಿಂದ ಹೋದರು ಎಂದು ಎಲ್ಲರೂ ತಿಳಿದುಕೊಂಡರು. ಅವರು ಲ್ಯಾಬಿಗೆ ಹೋಗಿ, ಬೀರುವಿನಿಂದ ಬಣ್ಣದ ಬಿಲ್ಲೆಗಳ ತಟ್ಟೆ ತೆಗೆದು, ಬೆಳಕಿನ ಪೆಟ್ಟಿಗೆಯ ಮುಂದೆ ಇಟ್ಟು, ಮ್ಯಾನೇಜರರನ್ನು ಅಲ್ಲಿಗೇ ಕರೆಸಿದರು. ಲ್ಯಾಬಿಗೆ ಸೇರಲು ಬಂದವರ ಕಣ್ಣು ನೋಡುವ ತಟ್ಟೆ ಅದು. ಉದ್ದನೆಯ ಕಟ್ಟಿಗೆಯ ತಟ್ಟೆ, ಒಂದು ತುದಿಗೆ ಕೆಂಪು ಬಿಲ್ಲೆ ಅಂಟಿಸಿದೆ, ಇನ್ನೊಂದು ತುದಿಗೆ ಹಸಿರು. ನಡುವಿನ ಬಿಲ್ಲೆಗಳನ್ನು ಕೆಂಪಿನಿಂದ ಹಸಿರಿನವರೆಗೆ ಮೆಲ್ಲಗೆ ಬದಲಾಗುವ ಹಾಗೆ ಜೋಡಿಸಬೇಕು. ಆ ಪರೀಕ್ಷೆ ಮಾಡುತ್ತಿದ್ದವರು ಮಾವನೇ. ನನ್ನದೂ ಅವರೇ ಮಾಡಿದ್ದು. ಒಂದು ಬಿಲ್ಲೆ ಆಚೀಚೆಯಾದರೂ ಅವರು ಬಾಗಿಲು ತೋರಿಸುತ್ತಿದ್ದರು.

ಲ್ಯಾಬಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಸುತ್ತ ನಿಂತರು. ಕಲಸು ಎಂದು ಮಾವ ನನಗೆ ಹೇಳಿದರು. ನಾನು ಕಲಸಿದೆ. ಅವರು ಅಂಗಿಯ ತೋಳು ಮಡಿಚಿಕೊಂಡು ಶುರು ಮಾಡಿದರು. ಮೊದಲಿಗೆ ಹಳೆಯ ಅಭ್ಯಾಸದ ಕೈ ಬೇಗ ಬೇಗ ಓಡಿತು. ಆಮೇಲೆ ನಿಧಾನವಾಯಿತು. ಒಂದು ಬಿಲ್ಲೆ ಎತ್ತುವರು, ಇಡುವರು, ಮತ್ತೆ ತೆಗೆದು ಅದರ ಪಕ್ಕದ್ದರ ಜೊತೆ ಹಿಡಿದು ನೋಡುವರು. ಅವರು ನಾಟಕ ಮಾಡುತ್ತಿಲ್ಲ, ಸರಿಯಾಗಿ ಇಡಲಿಕ್ಕೇ ಒದ್ದಾಡುತ್ತಿದ್ದಾರೆ ಅನ್ನುವುದು ನನಗೆ ಕಾಣಿಸಿತು. ತಮ್ಮ ಮಾತು ಸುಳ್ಳಾಗಲಿ ಎಂದು ಆ ಕೈಗೆ ಇನ್ನೂ ಆಸೆಯಿತ್ತು. ನೋಡಲಾಗದೆ ನಾನು ನೆಲ ನೋಡಿದೆ. ನನ್ನ ಸಿಟ್ಟು ಇದ್ದಲ್ಲಿಯೇ ಇತ್ತು, ಅದರ ಪಕ್ಕದಲ್ಲಿ ಸಂಕಟವೂ ಬಂದು ಕೂತಿತು.

ಕೊನೆಯ ಬಿಲ್ಲೆ ಇಟ್ಟು ಅವರು ಹಿಂದೆ ಸರಿದರು.  ಮ್ಯಾನೇಜರರು ತಟ್ಟೆಯನ್ನು ನೋಡಿದರು, ಮಾವನನ್ನು ನೋಡಿದರು, ಮತ್ತೆ ತಟ್ಟೆಯನ್ನು ನೋಡಿದರು. ಅವರಿಗೆ ಬಣ್ಣದ ಕೆಲಸ ಗೊತ್ತಿಲ್ಲ, ಆದರೆ ಗೊತ್ತಿಲ್ಲದವರಿಗೂ ಅದು ಕಾಣುತ್ತಿತ್ತು. ಆದರೂ ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಸರಿಯಿದೆಯೇನಮ್ಮ ಎಂದು ನನ್ನನ್ನು ಕೇಳಿದರು.

ನಾನು ಲ್ಯಾಬಿಗೆ ಸೇರಿದ ದಿನದಿಂದ, ಮಾವ ಜೋಡಿಸಿದ್ದನ್ನು ಯಾರೂ ಹೀಗೆ ಪರೀಕ್ಷಿಸಿರಲಿಲ್ಲ.

"ಹೇಳು," ಅಂದರು ಮಾವ.

"ತಪ್ಪಿದೆ."

"ಎಲ್ಲಿಂದ?" ಅಂತ ಕೇಳಿದರು. ಕೆಲಸಕ್ಕೆ ಬಂದವರನ್ನು ಕೇಳುವ ಅದೇ ಗಟ್ಟಿ ದನಿ.

"ಮೊದಲಿಂದಲೇ, ಮಾವ."

ಅವರು ತಟ್ಟೆಯ ಮೇಲೆ ಬಗ್ಗಿ, ಕೆಂಪು ತುದಿಯಿಂದ ಹಸಿರು ತುದಿಯವರೆಗೆ ಒಮ್ಮೆ ಬೆರಳಾಡಿಸಿದರು.

"ಹೌದಾ," ಅಂದರು. "ಅರ್ಧ ಆದ್ರೂ ಸರಿ ಬಂದಿರುತ್ತೆ ಅಂದ್ಕೊಂಡಿದ್ದೆ."